ಗೆರೆಯ ಅಗಲ

ಆಗ ಚೆಂಡು ಬಿಳಿ. ಈಗಿನ ಹಾಗೆ ನಿಂಬೆಹಣ್ಣಿನ ಬಣ್ಣದ್ದಲ್ಲ.
ಹೆಕ್ಕಿ ಕೊಟ್ಟರೆ ಸಂಜೆಗೆ ಎರಡಾಣೆ,
ಮಳೆ ಬಂದು ಆಟ ನಿಂತರೆ ಒಂದೇ.

ದಂಡಿನ ಕ್ಲಬ್ಬಿನ ಕೆಮ್ಮಣ್ಣಿನ ಕೋರ್ಟಿಗೆ
ಚಾಮರಾಜಪೇಟೆಯಿಂದ ಜಟಕಾದಲ್ಲಿ ಬರುತ್ತಿದ್ದರು ರಂಗನಾಯಕಮ್ಮ,
ಮಡಿಲಲ್ಲಿ ರಾಕೆಟ್ಟು.
ಮರದ ಚೌಕಟ್ಟಿನಲ್ಲಿ ಬಿಗಿದು ನಾಲ್ಕು ಮೂಲೆಗೂ ತಿರುಪು.
ಹಸುಗೂಸನ್ನೂ ಅಷ್ಟು ಜತನ ಮಾಡಿದ್ದು ನಾ ಕಂಡಿಲ್ಲ.
ತಂತಿ ಕುರಿಯ ಕರುಳಿನದೆಂದು
ಮಡಿ ಅಜ್ಜಿಗೆ ಕೊನೆತನಕ ಯಾರೂ ಹೇಳಲಿಲ್ಲವಂತೆ.

ಕಚ್ಚೆ ಸೀರೆ, ಕ್ಯಾನ್ವಾಸ್ ಬೂಟು.
ಮೊದಲ ವರ್ಷ ನೆರಳಲ್ಲಿ ಕೂತವರು ನಕ್ಕರು.
ಮರುವರ್ಷ ನಗಲು ಪುರುಸೊತ್ತು ಸಿಗಲಿಲ್ಲ:
ಊಟಕ್ಕೆ ಬಲಗೈ, ಹೊಡೆಯಲು ಎಡಗೈ,
ಚೆಂಡು ಹೋದದ್ದು ಕಾಣದು,
ಬೇಲಿಗೆ ಬಡಿದ ಸದ್ದಷ್ಟೇ.

ಸತತ ಮೂರು ವರ್ಷ ಇಲ್ಲಿ ಗೆದ್ದರು.
ಮದ್ರಾಸಿನಲ್ಲೊಂದು, ಲಾಹೋರಿನಲ್ಲೊಂದು ಬೆಳ್ಳಿ ಬಟ್ಟಲು.
ಪತ್ರಿಕೆಯವರು ಸೀರೆಯಂಚಿನ ಬಣ್ಣ ಬರೆದರು.
ಹಲಗೆ ಬರೆಯುವವನಿಗೆ ಜಾಗ ಸಾಲದೆ
‘ಮಿಸ್ ರಂಗ’.

ನಾಲ್ಕನೆಯ ಫೈನಲ್. ಎದುರಿಗೆ ಕರ್ನಲ್ಲನ ತಂಗಿ.
ಕೊನೆಯ ಗೇಮು, ಆಗತಾನೆ ತೆಗೆದ ಚೆಂಡು.
ಮೂಲೆಗೆ ಬಾರಿಸಿದರು.
ಗೆರೆಗೆ ಮೂರು ಗೇಣು ದೂರದಲ್ಲಿ ನಾನು, ಕುಕ್ಕರುಗಾಲಲ್ಲಿ.
ಸುಣ್ಣ ಹೊಗೆಯಂತೆ ಎದ್ದಿತು,
ಅಪ್ಪ ಅಂದೇ ಬೆಳಗ್ಗೆ ಎಳೆದ ಸುಣ್ಣ.

‘ಔಟ್’ ಎಂದಿತು ಎತ್ತರದ ಕುರ್ಚಿ.

ಚೆಂಡು ನನ್ನ ಕೈಗೇ ಬಂದಿತ್ತು.
ಬಿಳಿಯ ಮೇಲೆ ಬಿಳಿ, ಏನು ಕಂಡೀತು?
ಮುಖ ಒರೆಸುವವನ ಹಾಗೆ ಬಾಯಿಗೆ ತಂದು ನೆಕ್ಕಿದೆ.
ಚುರುಕ್ಕೆಂದಿತು. ಅಮ್ಮನ ಎಲೆಯಡಿಕೆ ಡಬ್ಬಿ ಕದ್ದಾಗಿನ
ಅದೇ ಉರಿ.

ಅವರು ವಾದಕ್ಕೆ ಹೋಗಲಿಲ್ಲ. ನನ್ನ ಹತ್ತಿರ ಬಂದರು,
ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ.
‘ಅಂತೋಣಿ, ನೀನು ನೋಡಿದೆಯೇನೋ?’

ಕುರ್ಚಿಯ ಪಕ್ಕ ಅಪ್ಪ, ಟೋಪಿ ಕೈಯಲ್ಲಿ.
ನಾನು ತಲೆಯಾಡಿಸಿದೆ,
ಹೌದೋ ಅಲ್ಲವೋ ಯಾರಿಗೂ ತಿಳಿಯದ ಹಾಗೆ.
‘ಸರಿ, ಬಿಡು’ ಎಂದರು. ಚೆಂಡು ಕೇಳಲಿಲ್ಲ.

ಮುಂದಿನ ವರ್ಷ ಯುದ್ಧ. ರಬ್ಬರೆಲ್ಲ ಲಾರಿಯ ಚಕ್ರಕ್ಕೆ.
ಕೋರ್ಟಿನ ತುಂಬ ಡೇರೆ, ಹಗ್ಗದ ಮೇಲೆ ಸಿಪಾಯಿಗಳ ಬ್ಯಾಂಡೇಜು.
ಡೇರೆ ಕಿತ್ತಾಗ ಗರಿಕೆ ಬೆಳೆದಿತ್ತು,
ಅವರಿಗೆ ಮೂವತ್ತಮೂರು.
ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿ
ಬಹಳ ವರ್ಷ ಇದ್ದರು. ಕರಿಹಲಗೆಗೂ ಎಡಗೈಯೇ.

ನನ್ನ ಮಗಳು ಅವರ ಕ್ಲಾಸಿನವಳು.
ಒಂದು ಸಂಜೆ ಕಾಲು ಅಲ್ಲಾಡಿಸುತ್ತ ಬಾಯಿಪಾಠ ಒಪ್ಪಿಸಿದಳು:
ಗೆರೆಗೆ ಉದ್ದ ಉಂಟು, ಅಗಲವಿಲ್ಲ.

ಉಂಟು ಮಗಳೇ.
ಎರಡಿಂಚು.
ನಿಮ್ಮ ತಾತ ಎಳೆದದ್ದು.