ಹಿಂದಿನ ಓದು, ಈಗಿನ ಓದು

ಕದ್ರಾದಿಂದ ವಿರ್ಜೆಯವರೆಗೆ ನನ್ನ ಪಾಲಿಗೆ
ಮುನ್ನೂರ ಹನ್ನೊಂದು ಮೀಟರು.
ಹಿಂದಿನ ಓದು, ಈಗಿನ ಓದು, ನಡುವಿನ ವ್ಯತ್ಯಾಸ:
ಹದಿನಾಲ್ಕು ವರ್ಷ ಇಷ್ಟೇ ಗಣಿತ.
ಬೀಗ ಕಂಡರೆ ‘ಬಾಗಿಲು ಹಾಕಿದೆ’ ಎಂದು ಬರೆದು,
ಸರಾಸರಿ ಹಾಕಿ, ಮುಂದಿನ ಮನೆ.

ಚಿಟ್ಟೆಯ ಚಟ ಅಂಟಿಸಿದ್ದು ಒಂದು ನಾಯಿ.
ಅಟ್ಟಿಸಿಕೊಂಡು ಬಂತೆಂದು ಹಳ್ಳಕ್ಕಿಳಿದೆ; ನೋಡಿದರೆ
ಒದ್ದೆ ಮರಳಿನ ಮೇಲೆ ನೀಲಿ ಪಟ್ಟಿಯವು
ರೇಷನ್ ಸಾಲಿನಂತೆ, ಹೆಗಲಿಗೆ ಹೆಗಲು,
ಆದರೆ ಒಂದೂ ಇನ್ನೊಂದನ್ನು ತಳ್ಳದೆ
ಉಪ್ಪು ಹೀರುತ್ತಿದ್ದವು.
ನಾಯಿ ದಡದಲ್ಲೇ ಬೊಗಳಿ ಸುಸ್ತಾಯಿತು.
ಬಿಲ್ಲಿನ ಬೆನ್ನಿಗೆ ಬರೆದೆ: ನಲವತ್ತಾರು.
ಯಾರ ಮನೆಯ ಬಿಲ್ಲೋ, ಇನ್ನೂ ನನ್ನ ಹತ್ತಿರವೇ ಇದೆ.

ಆಮೇಲೆ ಪುಸ್ತಕ, ದುರ್ಬೀನು,
ಎಣಿಸುವವರ ಒಂದು ಸಂಘ, ಅವರು ಕಳಿಸಿದ ಹಾಳೆ.
ಎರಡನೇ ಶನಿವಾರ, ಬಿಸಿಲು ಕೊಂಬೆ ಇಳಿದು ನೆಲ ಮುಟ್ಟಿದ ಮೇಲೆ,
ತಿರುವಿನಿಂದ ಸೇತುವೆಗೆ, ಅದೇ ದಾರಿ, ಅದೇ ನಡಿಗೆ.
ಎಡಕ್ಕೆ ಐದು ಹೆಜ್ಜೆ, ಬಲಕ್ಕೆ ಐದು ಹೆಜ್ಜೆ.
ಆರನೇ ಹೆಜ್ಜೆಯಲ್ಲಿ ಏನು ಹಾರಿದರೂ
ಅದು ಲೋಕದ್ದು, ಹಾಳೆಯದ್ದಲ್ಲ.
ಒಣಗಿದೆಲೆ ಎಂದು ಕಾಲಿಟ್ಟರೆ ಎದ್ದು ಹೋಗುವುದು,
ಸರ್ವೆಯವರು ಗೆರೆ ಎಳೆದಂತಿರುವ ಬಿಳಿಯದು,
ಮಳೆ ಬಿಟ್ಟ ವಾರ ಕರವೀರದ ಹತ್ತಿರ ಕಾಗೆ-ಕಪ್ಪಿನವು.
ಆಮೇಲೆ, ಆ ಕಲ್ಲು.

ತಿರುವಿನ ಚಿರೆಕಲ್ಲು. ಒಂಬತ್ತೂವರೆ ಬಸ್ಸಿಳಿದು
ಶೇವಂತಿ ಹರಿಕಂತ್ರ ಬುಟ್ಟಿ ಇಳಿಸುವ ಕಲ್ಲು.
ತಾರಲೆ, ಶೆಟ್ಲಿ, ಮೂಲೆಯಲ್ಲಿ ಕಾಲು ಕಟ್ಟಿದ ಏಡಿ.
ಐಸು ಕರಗಿ ತೊಟ್ಟಿಕ್ಕಿದ್ದು ಕಲ್ಲಿನ ತೂತಿಗಿಂಗಿ,
ಅವಳು ಎಲೆಯಡಿಕೆ ಉಗಿದು ಹೋದ ಹತ್ತು ನಿಮಿಷಕ್ಕೆ
ಮರದ ತುದಿಯಿಂದ ಇಳಿಯುತ್ತದೆ ಒಂದು:
ಪೈಲ್ವಾನನ ಮೈ, ಹಿಂದಿನ ರೆಕ್ಕೆಗೆ ಎರಡೆರಡು ಮುಳ್ಳು,
ಒಳಮೈಗೆ ಬಾಳೆಸುಳಿಯ ಬಣ್ಣ,
ಹೂವಿನ ಕಡೆ ತಿರುಗಿಯೂ ನೋಡದ ಜಾತಿ.

‘ಎಂತ ಬರೀತ್ರಿ? ಇದ್ಕೂ ಬಿಲ್ ಉಂಟಾ?’
ಒಂದು ದಿನ ಅವಳೂ ಕೂತಳು.
ಪುಸ್ತಕದಲ್ಲಿ ಇದರ ಹೆಸರು ನವಾಬ ಎಂದೆ.
‘ನವಾಬ್ನೇ ಸೈ. ವಾಸ್ನೆ ತಕಂಡು ಹೋಗ್ತಾನೆ,
ಒಂದು ಬಂಗ್ಡೆ ಕೊಂಡವನಲ್ಲ.’
ಅಜ್ಜಿ ಪಿಸೊಳೆ ಎನ್ನುತ್ತಿದ್ದಳಂತೆ;
ಅಜ್ಜಿಗೆ ರೆಕ್ಕೆ ಇದ್ದದ್ದೆಲ್ಲ ಪಿಸೊಳೆ.
ಏಡಿ ಇದ್ದ ದಿನ ಇಬ್ಬರು ಬರುತ್ತಾರೆ,
ಅಮಾಸೆ ಹತ್ತಿರ ಮೂವರು, ಎಂದಳು.
ಮನೆಗೆ ಬಂದು ಮೂರು ವರ್ಷದ ಹಾಳೆ ಬಿಡಿಸಿದೆ.
ಹೌದು.
ಮೋಡ, ಗಾಳಿ, ಉಷ್ಣತೆಗೆಲ್ಲ ಅಂಕಣವಿತ್ತು,
ಅಮಾಸೆಗಿರಲಿಲ್ಲ, ಶೇವಂತಿಗಿರಲಿಲ್ಲ.

ಕಳೆದ ದೀಪಾವಳಿಯಿಂದ ಮೀನು ಸ್ಕೂಟರಿನಲ್ಲಿ ಬರುತ್ತದೆ.
ಹುಡುಗ ಪೋಂ ಪೋಂ ಎಂದು ಬಾಗಿಲಿಗೇ ತರುತ್ತಾನೆ.
ಥರ್ಮಾಕೋಲ್ ಡಬ್ಬಿ, ಒಂದು ಹನಿ ಸೋರುವುದಿಲ್ಲ.
ನವಾಬ: ಎರಡು. ಒಂದು. ಸೊನ್ನೆ. ಸೊನ್ನೆ.
ಸಂಘದಿಂದ ಕಾಗದ ಬಂತು: ಇಳಿಕೆಗೆ ಕಾರಣ ತಿಳಿಸಿ.
‘ಬಾಗಿಲು ಹಾಕಿದೆ’ ಎಂದು ಬರೆದೆ,
ಸರಾಸರಿ ಹಾಕಲು ಕೈ ಬರಲಿಲ್ಲ.
ಜೊತೆಗೇ ಒಂದು ನಿಯಮ ಓದಿದೆ, ಸಣ್ಣ ಅಕ್ಷರದ್ದು:
ಆಮಿಷ ಇಟ್ಟು ಎಣಿಸಕೂಡದು.
ಹಾಗಾದರೆ ಅಷ್ಟು ವರ್ಷ ನಾನು ಎಣಿಸಿದ್ದು
ಕಾಡನ್ನೋ, ಅವಳ ಬುಟ್ಟಿಯನ್ನೋ?

ಮೊನ್ನೆ ಕಾರವಾರದ ಮೀನುಪೇಟೆಯಲ್ಲಿ ಸಿಕ್ಕಳು.
ಕೊಡೆಯಡಿ ಕೂತು, ಮಂಡಿನೋವು, ಬಸ್ಸು ಹತ್ತಲಾರಳು.
‘ನವಾಬ ಹ್ಯಾಂಗಿದಾನೆ?’
ನಾನು ಸುಮ್ಮನಿದ್ದೆ. ಅವಳು ಬುಟ್ಟಿಯ ಕೆಳಗಿನ ತಾಟು ಓರೆ ಮಾಡಿ
ನನ್ನ ನೀರಿನ ಬಾಟಲಿಗೆ ಬಗ್ಗಿಸಿದಳು,
ಒಂದು ಏಡಿಕಾಲು ಮುರಿದು ಹಾಕಿ ಬಿರಡೆ ತಿರುಗಿಸಿದಳು.
ದುಡ್ಡು ಬೇಡ ಎಂದಳು.

ನಾಳೆ ಭಾನುವಾರ. ಹಾಳೆ ಇಲ್ಲದ ದಿನ.
ಮಲ್ಲಾಪುರ ದಾಟುವ ಹೊತ್ತಿಗೆ
ಅಕ್ಕಪಕ್ಕದ ಸೀಟು ಖಾಲಿಯಾಗಿದ್ದವು.
‘ಯಾರದ್ರೀ ಇದು ವಾಸ್ನೆ?’ ಕಂಡಕ್ಟರ್ ಕೂಗಿದ.
ನಾನು ಕೈ ಎತ್ತಿದೆ.