ಹರಾಜು

ಝುವಾರಿನಗರ, ತಗಡಿನ ಶಾಲೆ, ಏಳನೆಯ ಕ್ಲಾಸು.
ಪಾಠದ ಪುಸ್ತಕ ಮಡಚಿಟ್ಟು
ಕಪ್ಪು ಹೆಂಗಸೊಬ್ಬಳು ಬರೆದ ಕತೆಯನ್ನು
ರಾತ್ರಿ ಕೂತು ಕನ್ನಡಕ್ಕೆ ತಂದು, ಓದುತ್ತಿದ್ದೆ.
ಅಮೆರಿಕ ಎಲ್ಲಿದೆಯೆಂದು ಯಾರೂ ಕೇಳಲಿಲ್ಲ.
ಹಿಂದಿನ ಬೆಂಚಿನಲ್ಲಿ ಎಂದಿನ ತೂಕಡಿಕೆ.

‘ಅವ್ವನನ್ನು ಕಟ್ಟೆಯ ಮೇಲೆ ನಿಲ್ಲಿಸಿದರು.
ಹರಾಜು ಶುರುವಾಯಿತು.’

ಧರ್ಮ್ಯಾ ತಲೆಯೆತ್ತಿದ.
ನಸುಕಿನಲ್ಲಿ ಖಾರಿವಾಡದ ಧಕ್ಕೆಯಲ್ಲಿ
ಅಪ್ಪನ ಜೊತೆ ಐಸು ಹೊತ್ತು ಬಂದವನು,
ಅಂಗಿಗಿನ್ನೂ ಬಂಗಡೆಯ ನಾತ.
‘ಸರ, ತೂಕದ ಮ್ಯಾಲೋ, ಬುಟ್ಟಿ ಲೆಕ್ಕಾನೋ?’

ಯಾರೂ ನಗಲಿಲ್ಲ.
ನಾನು ಹಾಳೆ ತಿರುವಿ ಹುಡುಕಿದೆ.

ಉತ್ತರ ಬಂದದ್ದು ಕಿಟಕಿಯಿಂದ:
‘ಹಲ್ಲು ನೋಡಿ.’
ಬಿಸಿಯೂಟದ ನತಾಲಿ, ಹಳಿಯಾಳ ಕಡೆಯ ಸಿದ್ದಿ,
ಕೈಯಲ್ಲಿ ಸಾರಿನ ಸೌಟು.
‘ನಮ್ಮಜ್ಜಿಯ ಅಜ್ಜಿ ಹೇಳ್ತಿದ್ಲಂತೆ.
ಹಡಗಿಂದ ಇಳಿಸಿದ್ದು ಇಲ್ಲೇ, ಈ ಹೊಳೆಬಾಯಲ್ಲೇ.
ಘಟ್ಟ ಹತ್ತಿ ಓಡಿದ್ದು ಆಮೇಲೆ.
ನಾ ನೋಡಿ, ಸೌಟು ಹಿಡ್ಕೊಂಡು ವಾಪಸ್ ಬಂದೆ.’

ಮೂವತ್ತೊಂದು ಬಾಯಿ ಮುಚ್ಚಿಕೊಂಡವು.
ಒಳಗೆ ನಾಲಗೆಗಳು ಒಂದೊಂದೇ ಹಲ್ಲು ಮುಟ್ಟುವುದು
ಕೆನ್ನೆಗಳ ಮೇಲೆ ಕಾಣುತ್ತಿತ್ತು.
ನನ್ನದೂ ಹೊರಟಿತ್ತು.
ಹುಳುಕು ದವಡೆಗೆ ಬಂದಾಗ
ನನ್ನ ಬೆಲೆ ಇಳಿದಿರಬೇಕು.

ಹೆಡ್‌ಮಾಸ್ತರರು ಇಣುಕಿ ಕೇಳಿದರು:
‘ಇದು ಪರೀಕ್ಷೆಗೆ ಬರ್ತದೇನ್ರಿ?’
ಅಷ್ಟರಲ್ಲಿ ಊಟದ ಗಂಟೆ.
ಒಂದು ತಟ್ಟೆಯೂ ಸದ್ದು ಮಾಡಲಿಲ್ಲ.

ನತಾಲಿ ಒಳಬಂದು ಹೊಸ್ತಿಲ ಪಕ್ಕ ಕೂತಳು,
ಸೌಟು ಮಡಿಲಲ್ಲಿ.
‘ಸಾರು ಆರಿದ್ರೆ ಆರ್ಲಿ.
ಆ ಅವ್ವನ್ನ ಮೊದ್ಲು
ಕಟ್ಟೆಯಿಂದ ಇಳಿಸಿ, ಸರ್.’