ಒಂದು ಪ್ರಿಂಟು, ಎರಡು ಟಾಕೀಸು

ನಿನಗೆ ಇಷ್ಟದ ಸಿನಿಮಾ ಯಾವುದು ಮಾಮಾ,
ಫೈಟಿನದೊಂದು, ದೆವ್ವದ್ದೊಂದು, ಅಳುವುದೊಂದು ಹೇಳು
ಅನ್ನುತ್ತಾಳೆ ತಂಗಿಯ ಮಗಳು ಸಿಂಚನಾ.
ಏನು ಹೇಳಲಿ?
ನಾನು ನೋಡಿದ್ದೆಲ್ಲ ಅರ್ಧರ್ಧ.

ದಾವಣಗೆರೆಗೆ ಬರುತ್ತಿದ್ದುದು ಒಂದೇ ಪ್ರಿಂಟು.
ರೈಲ್ವೆ ಗೇಟಿನ ಈಚೆ ಗೌರಿ, ಆಚೆ ಪ್ರಭಾತ,
ನಡುವೆ ನಾನು, ನನ್ನ ಸೈಕಲ್ಲು,
ಕ್ಯಾರಿಯರಿಗೆ ಹಗ್ಗ ಬಿಗಿದ ತಗಡಿನ ಡಬ್ಬಿ.
ಇಲ್ಲಿ ಓಡಿದ ರೀಲು ಬಿಸಿ ಆರುವ ಮೊದಲು
ಅಲ್ಲಿ ಓಡಬೇಕು.
ಪ್ರಭಾತದ ಆಪರೇಟರ್ ಇನಾಯತ್ ಸಾಬರು
ಗಡಿಯಾರ ನೋಡುತ್ತಿರಲಿಲ್ಲ,
ನನ್ನ ಬೆಲ್ಲಿಗೆ ಕಿವಿ ಕೊಟ್ಟಿರುತ್ತಿದ್ದರು.

ಫೈಟಿನದು ಹೇಳಲೇ?
ಗೌರಿಯಲ್ಲಿ ಹೀರೋನ ತುಟಿ ಒಡೆದು ರಕ್ತ.
ನಾನು ಪ್ರಭಾತ ಮುಟ್ಟಿದಾಗ ಅದೇ ಹೀರೋ
ಕನ್ನಡಿ ಮುಂದೆ ಕ್ರಾಪು ತೀಡುತ್ತಿದ್ದ.
ಏನು ಕಾದಿದೆ ಅಂತ ಗೊತ್ತಿಲ್ಲದ ಮುಖ, ಪಾಪ.
ಆ ಮುಖಕ್ಕೇ ಅದು ನನ್ನ ಮೆಚ್ಚಿನ ಪಿಚ್ಚರು.

ದೆವ್ವವನ್ನು ನಾನು ನೋಡೇ ಇಲ್ಲ.
ಅವಳು ಬರುವುದು ಒಂಬತ್ತನೇ ರೀಲಿನಲ್ಲಿ,
ಆ ಹೊತ್ತಿಗೆ ನಾನು ಎಂಟನೆಯದನ್ನು ಹೊತ್ತು ಬೀದಿಯಲ್ಲಿ.
ಆಮೇಲೆ ಅವಳನ್ನೇ ಹಿಂದೆ ಕೂರಿಸಿಕೊಂಡು
ಹತ್ತಿ ಗಿರಣಿಯ ಕತ್ತಲ ಗೋಡೆಗುಂಟ ಒಬ್ಬನೇ.
ಡಬ್ಬಿ ಗಡಗಡ ಅಂದರೆ,
ಸುಮ್ನಿರವ್ವ, ಬಂತು ನಿನ್ನ ಟಾಕೀಸು, ಅನ್ನುತ್ತಿದ್ದೆ.

ದೇವರ ಸಿನಿಮಾಕ್ಕೆ ಡಬ್ಬಿಗೂ ಕುಂಕುಮ.
ಚೌಕಿಪೇಟೆಯ ಹೂವಿನ ದುರುಗಮ್ಮ
ಹ್ಯಾಂಡಲಿಗೆ ಒಂದು ಮೊಳ ಕನಕಾಂಬರ ಸುತ್ತಿ
ಕಾಸು ಬೇಡ ಅಂದಳು.
ಒಳಗಿದ್ದುದು ರಾಕ್ಷಸನ ದರ್ಬಾರು.
ನಾನು ಬಾಯಿ ಬಿಡಲಿಲ್ಲ.

ಪತ್ತೇದಾರಿ ಸಿನಿಮಾ ಬಂದರೆ
ಗೇಟಿನ ತಿಪ್ಪೇರುದ್ರಣ್ಣನದೇ ಕಾಟ:
ಕೊಂದೋನು ಯಾರು ಹೇಳಲೇ, ಸಣ್ಣ ಗೇಟಾಗೆ ಬಿಡ್ತೀನಿ.
ಡಾಕ್ಟ್ರು, ಅಂದೆ. ಕೊಂದವನು ಅಡಿಗೆಯವನು.
ಅವನು ರೊಕ್ಕ ಕೊಟ್ಟು ನೋಡಿ ಬಂದ;
ಒಂದು ವಾರ ನನಗೆ ಸಣ್ಣ ಗೇಟೂ ಇಲ್ಲ.

ನಗೆಯದು ಬಿಡು,
ಇಲ್ಲಿಯ ನಗು ಅಲ್ಲಿ ಮುಟ್ಟಲು ಅರ್ಧ ಗಂಟೆ,
ಎರಡು ಸಲ ನಗುತ್ತಿತ್ತು ಊರು.

ಇನ್ನು ಅಳುವುದು.
ಹದಿನಾರನೇ ರೀಲು, ಅದೇ ಕೊನೆ.
ಅದರಲ್ಲಿ ಹೆಂಡತಿ ಸಾಯುತ್ತಾಳೆ.
ಗೌರಿಯಲ್ಲಿ ಸತ್ತಾಗಿತ್ತು. ಹೆಂಗಸರು ಸೆರಗು ಹಿಂಡುತ್ತ
ಹೊರಗೆ ಬಂದು ಚಪ್ಪಲಿ ಹುಡುಕುತ್ತಿದ್ದರು.
ಪ್ರಭಾತದಲ್ಲಿ ಇನ್ನೂ ಗಂಡನಿಗೆ ಬುತ್ತಿ ಕಟ್ಟುತ್ತಿದ್ದಳು.
ನಡುವೆ ಗೇಟು ಹಾಕಿತ್ತು.
ಗೂಡ್ಸು ಬಂತು, ಕೆಟ್ಟು ಅಲ್ಲೇ ನಿಂತಿತು.
ನಲವತ್ತೊಂದು ವ್ಯಾಗನ್ನು. ಎಣಿಸಿದೆ.
ಇನ್ನೊಮ್ಮೆ ಎಣಿಸಿದೆ.
ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡೆ, ಇನ್ನೂ ಬೆಚ್ಚಗಿತ್ತು.
ವ್ಯಾಗನ್ನಿನ ಕೆಳಗೆ ನುಸುಳಿ ಓಡಬಹುದಿತ್ತು.
ಎಷ್ಟೋ ಸಲ ನುಸುಳಿದ್ದೆ.
ಆವತ್ತು ನುಸುಳಲಿಲ್ಲ.

ಆಚೆ ಸೀಟಿ ಹೊಡೆದರಂತೆ, ಕುರ್ಚಿ ಬಡಿದರಂತೆ,
ಕೊನೆಗೆ ಇನಾಯತ್ ಸಾಬರು
ಯಾವುದೋ ಹಳೆಯ ಶುಭಂ ಸ್ಲೈಡು ಹಾಕಿ ದೀಪ ಹೊತ್ತಿಸಿದರಂತೆ.

ಮರುದಿನ ಮಂಡಕ್ಕಿ ಅಂಗಡಿಯಲ್ಲಿ ಜಗಳ.
ಸತ್ಲು ಕಣಪ್ಪ, ಅತ್ತು ಬಂದೀವಿ, ಅಂದ ಒಬ್ಬ.
ಎಲ್ಲಿ ಸತ್ಲೋ, ನಾ ಕಣ್ಣಾರೆ ನೋಡೀನಿ,
ಬುತ್ತಿ ಹಿಡ್ಕೊಂಡು ಬಾಗಿಲಾಗೆ ನಿಂತಿದ್ಲು, ಅಂದ ಇನ್ನೊಬ್ಬ.
ಅಂಗಿ ಹಿಡಿದುಕೊಳ್ಳುವುದೊಂದು ಬಾಕಿ.
ಇಬ್ಬರೂ ನನ್ನ ಕಡೆ ತಿರುಗಿದರು:
ರೀಲು ಕೊಟ್ರ, ನೀನಾರ ಹೇಳಲೇ.

ನಾನು ಇನ್ನೊಂದು ಮಿರ್ಚಿ ಹಾಕಿಸಿಕೊಂಡೆ.